ಬೆಟ್ಟದ ಕೆರೆಗೆ ಒಂದು ಸುತ್ತು: ಪೂಕೋಡ್, ಕೊಡೈಕೆನಾಲ್, ಊಟಿ – ನಿಮಗೆ ಯಾವುದು ಸರಿ?

ಬೆಟ್ಟದ ಮೇಲೊಂದು ಕೆರೆ. ಅದರ ಸುತ್ತ ಏರಿಳಿತ ಇಲ್ಲದ ದಾರಿ. ಅಜ್ಜಿಯಿಂದ ಹಿಡಿದು ಮೊಮ್ಮಗುವಿನವರೆಗೆ ಮನೆಯವರೆಲ್ಲ ಒಟ್ಟಿಗೆ ಒಂದು ಸುತ್ತು ಹಾಕಿ ಬರಬೇಕು. ಇಷ್ಟೇ ಆಸೆ. ಆದರೆ ಎಲ್ಲಿಗೆ ಹೋಗೋಣ ಅಂತ ಮಾತು ಶುರುವಾದರೆ ಹತ್ತು ಹೆಸರು ಬರುತ್ತವೆ. ಹೆಸರು ಕೇಳಿಯೇ ಹೊರಟುಬಿಟ್ಟರೆ, ಅಲ್ಲಿ ಹೋದ ಮೇಲೆ ಕೆರೆಯ ಕಾಲು ಭಾಗ ಮಾತ್ರ ಕಾಣುತ್ತದೆ. ಉಳಿದದ್ದು ಬೇಲಿ, ಪಾರ್ಕಿಂಗ್, ಟಿಕೆಟ್ ಕೌಂಟರ್.

ಬೆಂಗಳೂರು, ಮೈಸೂರು ಕಡೆಯವರಿಗೆ ಈ ಲೆಕ್ಕದಲ್ಲಿ ಮುಖ್ಯವಾಗಿ ಮೂರು ಕೆರೆಗಳಿವೆ. ವಯನಾಡಿನ ಪೂಕೋಡ್, ಪಳನಿ ಬೆಟ್ಟಗಳ ಮೇಲಿನ ಕೊಡೈಕೆನಾಲ್, ನೀಲಗಿರಿಯ ಊಟಿ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಜೊತೆಯಲ್ಲಿ ಚಿಕ್ಕ ಮಕ್ಕಳೋ ಮಂಡಿನೋವಿನ ಹಿರಿಯರೋ ಇದ್ದರೆ ಪೂಕೋಡ್. ಎಲ್ಲರೂ ಒಂದೂವರೆ ಗಂಟೆ ಆರಾಮವಾಗಿ ನಡೆಯಬಲ್ಲವರು, ಬೆಳಿಗ್ಗೆ ಬೇಗ ಏಳಬಲ್ಲವರು ಅಂತಾದರೆ ಕೊಡೈಕೆನಾಲ್. ಊಟಿಗೆ ಬೇರೆ ನೂರು ಕಾರಣಕ್ಕೆ ಹೋಗಿ. ಕೆರೆ ಸುತ್ತುವುದಕ್ಕೆ ಅಂತಲೇ ಹೋಗಬೇಡಿ.

ಇದನ್ನು ನಾನು ಅಳೆಯುವುದು ಒಂದೇ ಪ್ರಶ್ನೆಯಿಂದ. ಹೊರಟ ಜಾಗಕ್ಕೆ ವಾಪಸ್ ಬರುವವರೆಗೂ ನೀರು ಪಕ್ಕದಲ್ಲೇ ಇರುತ್ತದೆಯೇ? ಕೆರೆಯನ್ನು ಒಂದು ಕಡೆಯಿಂದ ನೋಡಿ, ಫೋಟೋ ತೆಗೆದು ಬರುವುದಕ್ಕೂ ಪೂರ್ತಿ ಸುತ್ತು ಹಾಕುವುದಕ್ಕೂ ತುಂಬಾ ವ್ಯತ್ಯಾಸ ಇದೆ. ಸುತ್ತು ಹಾಕುವಾಗ ಬೆಳಕು ಒಂದು ದಡದಲ್ಲಿ ಒಂದು ಥರ, ಇನ್ನೊಂದು ದಡದಲ್ಲಿ ಇನ್ನೊಂದು ಥರ. ಸದ್ದು ಎಲ್ಲಿ ನಿಲ್ಲುತ್ತದೆ, ಹಕ್ಕಿ ಎಲ್ಲಿ ಕೂರುತ್ತದೆ ಅಂತ ಗೊತ್ತಾಗುತ್ತದೆ. ಮಾತಾಡುತ್ತಾ ನಡೆಯುವವರಿಗೆ ದಾರಿ ಹುಡುಕುವ ತಲೆಬಿಸಿಯೂ ಇಲ್ಲ.

ಪೂಕೋಡ್: ಚಿಕ್ಕದು, ಆದರೆ ಪೂರ್ತಿ ಸಿಗುತ್ತದೆ

ವೈತಿರಿಯಿಂದ ಲಕ್ಕಿಡಿ ಕಡೆಗೆ ಹೋಗುವಾಗ ಸುಮಾರು 3 ಕಿಲೋಮೀಟರಿನಲ್ಲಿ ಪೂಕೋಡ್ ಸಿಗುತ್ತದೆ. ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರ. ಇದು ಕಟ್ಟಿಸಿದ ಕೆರೆಯಲ್ಲ, ತಾನಾಗಿಯೇ ಆದ ಸಿಹಿನೀರಿನ ಕೆರೆ. ವಿಸ್ತಾರ ಸುಮಾರು 8.5 ಹೆಕ್ಟೇರ್, ಅತಿ ಆಳದ ಕಡೆ 6.5 ಮೀಟರ್. ಮೇಲಿಂದ ನೋಡಿದರೆ ಭಾರತದ ನಕ್ಷೆಯಂತೆ ಕಾಣುತ್ತದೆ ಅಂತ ಅಲ್ಲಿನವರು ಹೇಳುತ್ತಾರೆ. ದಡದಲ್ಲಿ ನಿಂತವರಿಗೆ ಅದೆಲ್ಲ ಗೊತ್ತಾಗಲ್ಲ. ಸುತ್ತಲೂ ಕಾಡು ಏರಿರುವ ಗುಡ್ಡಗಳು, ನಡುವೆ ಹಸಿರು ನೀರು. ಅಷ್ಟೇ ಸಾಕು.

ಕೆರೆಯ ಸುತ್ತ ಹಾಸಿದ ದಾರಿ ಇದೆ. ಸಣ್ಣ ಮಕ್ಕಳ ಕೈ ಹಿಡಿದು, ನಿಂತು ನಿಂತು ನಡೆದರೂ ಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತದೆ. ಬೇಗ ನಡೆಯುವವರಿಗೆ ಅರ್ಧ ಗಂಟೆಯೂ ಬೇಡ. ಬೋಟಿಂಗ್ ಜಾಗದಲ್ಲಿ ಗಲಾಟೆ ಜೋರು. ಪೆಡಲ್ ಬೋಟು, ಐಸ್‌ಕ್ರೀಮು, ಮಸಾಲೆ ಸಾಮಾನಿನ ಅಂಗಡಿ, ಮಕ್ಕಳ ಆಟದ ಜಾಗ, ಸಿಹಿನೀರಿನ ಮೀನುಗಳ ಅಕ್ವೇರಿಯಂ ಎಲ್ಲ ಅಲ್ಲೇ. ಬಂದವರಲ್ಲಿ ಹೆಚ್ಚಿನವರು ಅಲ್ಲಿಂದಾಚೆ ಹೋಗುವುದೇ ಇಲ್ಲ. ನೀವು ಆ ಗದ್ದಲ ದಾಟಿ ಸ್ವಲ್ಪ ದೂರ ನಡೆದುಬಿಡಿ. ಮರಗಳು ದಾರಿಯ ಮೇಲೆ ಬಾಗಿ ನೆರಳು ಹಾಸುತ್ತವೆ. ದಾರಿಯ ಅಂಚಿಗೆ ಬೇರುಗಳು ಇಳಿದಿರುತ್ತವೆ. ಬಗ್ಗಿ ನೋಡಿದರೆ ದಡದ ನೀರಿನಲ್ಲಿ ನೈದಿಲೆ ಎಲೆಗಳು, ಎಲೆಗಳ ನಡುವಿನ ಸಂದಿಯಲ್ಲಿ ಬೆರಳುದ್ದವೂ ಇಲ್ಲದ ಮೀನುಗಳು ಒಟ್ಟಾಗಿ ತಿರುಗಿ ಮತ್ತೆ ಎಲೆಯಡಿಗೆ ಸೇರುವುದು ಕಾಣುತ್ತದೆ. ಮಕ್ಕಳಿಗೆ ಬೋಟಿಗಿಂತ ಇದೇ ಹೆಚ್ಚು ನೆನಪಿರುತ್ತದೆ ಅನ್ನುವುದು ನನ್ನ ಅನುಭವ.

ಈ ಕೆರೆಗೇ ಸೇರಿದ ಒಂದು ಪುಟ್ಟ ಮೀನು ಇದೆ, ಪೆಥಿಯಾ ಪೂಕೋಡೆನ್ಸಿಸ್ ಅಂತ. ಊರಿನ ಹೆಸರನ್ನೇ ಅದಕ್ಕೆ ಇಟ್ಟಿದ್ದಾರೆ. ಈ ಕೆರೆ ಬಿಟ್ಟರೆ ಬೇರೆಲ್ಲೂ ಅದು ಸಿಕ್ಕ ದಾಖಲೆ ಇಲ್ಲ. ಹಾಗಾಗಿ ನೀರಿಗೆ ಚಿಪ್ಸ್ ಎಸೆಯುವ ಮಕ್ಕಳನ್ನು ದಯವಿಟ್ಟು ತಡೆಯಿರಿ. ಮೀನಿಗೆ ತಿನ್ನಿಸುತ್ತಿದ್ದೇವೆ ಅಂತ ಖುಷಿಯಿಂದಲೇ ಮಾಡುತ್ತಾರೆ, ಆದರೆ ಅಷ್ಟು ಚಿಕ್ಕ ಕೆರೆಗೆ ದಿನವೂ ಬರುವ ಜನರ ಕಸ ತಡೆದುಕೊಳ್ಳುವ ಶಕ್ತಿ ಎಲ್ಲಿಂದ ಬರಬೇಕು?

ನಮಗೂ ಈ ಕೆರೆಗೂ ಒಂದು ನಂಟಿದೆ. ಪೂಕೋಡಿನಿಂದ ಹೊರಡುವ ನೀರು ಪನಮರಂ ಹೊಳೆ ಸೇರುತ್ತದೆ. ಪನಮರಂ ಹೊಳೆ ಮಾನಂದವಾಡಿ ಹೊಳೆಯ ಜೊತೆ ಕೂಡಿ ಕಬಿನಿಯಾಗುತ್ತದೆ. ಕಬಿನಿ ನಮ್ಮ ಬೀಚನಹಳ್ಳಿಯ ಜಲಾಶಯಕ್ಕೆ ಬಂದು, ಮುಂದೆ ಟಿ. ನರಸೀಪುರದಲ್ಲಿ ಕಾವೇರಿ ಸೇರುತ್ತದೆ. ಬೆಂಗಳೂರಿಗೆ ಕುಡಿಯುವ ನೀರು ಎತ್ತುವುದು ಆ ಸಂಗಮದಿಂದ ಕೆಳಗೆ. ಅಂದರೆ ಬೆಂಗಳೂರಿನವರು ಪೂಕೋಡಿನ ದಡದಲ್ಲಿ ನಡೆಯುವಾಗ ತಮ್ಮ ಮನೆಯ ನಲ್ಲಿ ನೀರಿನ ಒಂದು ಮೂಲದ ಪಕ್ಕದಲ್ಲೇ ನಡೆಯುತ್ತಿರುತ್ತಾರೆ. ಈ ಮಾತನ್ನು ನಾನು ಜೊತೆಗೆ ಬಂದವರಿಗೆ ತಪ್ಪದೆ ಹೇಳುತ್ತೇನೆ. ಕೇಳಿದ ಮೇಲೆ ನೀರನ್ನು ನೋಡುವ ರೀತಿಯೇ ಬೇರೆಯಾಗುತ್ತದೆ.

ಪೂಕೋಡಿನ ಕೊರತೆಯನ್ನೂ ಹೇಳಬೇಕು. ಟಿಕೆಟ್ ಕೊಟ್ಟು ಒಳಗೆ ಹೋಗುವ ಜಾಗ ಇದು. ಗೇಟು ತೆರೆಯುವುದು ಬೆಳಿಗ್ಗೆ ಒಂಬತ್ತರ ಹೊತ್ತಿಗೆ, ಸಂಜೆ ಕತ್ತಲಾಗುವ ಮುಂಚೆ ಮುಚ್ಚುತ್ತದೆ. ಸೂರ್ಯ ಹುಟ್ಟುವಾಗ ಕೆರೆ ದಡದಲ್ಲಿ ಇರಬೇಕು ಅನ್ನುವವರಿಗೆ ಇಲ್ಲಿ ಅವಕಾಶ ಇಲ್ಲ. ಶನಿವಾರ, ಭಾನುವಾರ ಕೋಯಿಕ್ಕೋಡ್ ಕಡೆಯಿಂದ ತಾಮರಶ್ಶೇರಿ ಘಾಟಿ ಹತ್ತಿ ಬರುವ ಜನರೂ ಸೇರಿ ಜಾತ್ರೆಯಾಗುತ್ತದೆ. ವಾರದ ನಡುವೆ ಹೋಗಲು ಆಗದಿದ್ದರೆ ಗೇಟು ತೆರೆಯುವ ಹೊತ್ತಿಗೇ ಅಲ್ಲಿರಿ. ಹನ್ನೊಂದರ ನಂತರ ಬೋಟಿಗೆ ಸಾಲು, ಪಾರ್ಕಿಂಗಿಗೂ ಸಾಲು.

ಇನ್ನೊಂದು ಎಚ್ಚರಿಕೆ. ವಯನಾಡು ಅಂದ ಕೂಡಲೇ ಫೋಟೋಗಳಲ್ಲಿ ಹೃದಯದ ಆಕಾರದ ಒಂದು ಪುಟ್ಟ ಕೆರೆ ಕಾಣುತ್ತದಲ್ವಾ, ಅದು ಪೂಕೋಡ್ ಅಲ್ಲ. ಅದು ಚೆಂಬ್ರ ಬೆಟ್ಟದ ಮೇಲಿದೆ. ಅಲ್ಲಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು, ಬೆಟ್ಟ ಹತ್ತಲೇಬೇಕು. ಅಜ್ಜಿಯನ್ನು ಕರೆದುಕೊಂಡು ಹೋಗುವ ಜಾಗ ಅಲ್ಲ.

ಕೊಡೈಕೆನಾಲ್: ನಡೆಯುವವರ ಕೆರೆ

ಕೊಡೈಕೆನಾಲ್ ಕೆರೆ ಮನುಷ್ಯರು ಮಾಡಿದ್ದು. ಮಧುರೆಯ ಕಲೆಕ್ಟರ್ ಆಗಿದ್ದ ವೀರ್ ಹೆನ್ರಿ ಲೆವಿಂಜ್ 1863ರಲ್ಲಿ ತೊರೆಗಳಿಗೆ ಅಡ್ಡಕಟ್ಟೆ ಹಾಕಿಸಿ ಇದನ್ನು ಮಾಡಿಸಿದರು. ವಿಸ್ತಾರ ಸುಮಾರು 60 ಎಕರೆ. ಊರು ಇರುವುದೇ 2,100 ಮೀಟರಿಗಿಂತ ಎತ್ತರದಲ್ಲಿ. ಕೆರೆಯ ಸುತ್ತ ಹೋಗುವ ರಸ್ತೆ ಸುಮಾರು 5 ಕಿಲೋಮೀಟರ್. ಬಹುಪಾಲು ಸಮತಟ್ಟು. ಪೂಕೋಡಿನಂತೆ ಗೇಟಿಲ್ಲ, ಟಿಕೆಟ್ಟಿಲ್ಲ. ನಸುಕಿನಲ್ಲೇ ಹೊರಟರೂ ಕೇಳುವವರಿಲ್ಲ. ನನ್ನ ಮಟ್ಟಿಗೆ ಇದರ ದೊಡ್ಡ ಗುಣ ಇದೇ.

ಕೆರೆಯ ಆಕಾರ ನಕ್ಷತ್ರದಂತೆ ಅಂತ ಎಲ್ಲರೂ ಹೇಳುತ್ತಾರೆ. ನಡೆಯುವವರಿಗೆ ಇದರಿಂದ ಏನಾಗುತ್ತದೆ ಅನ್ನುವುದನ್ನು ಮಾತ್ರ ಯಾರೂ ಹೇಳಲ್ಲ. ನಕ್ಷತ್ರದ ಒಂದೊಂದು ಕೈಯೂ ದಡದೊಳಕ್ಕೆ ಚಾಚಿಕೊಂಡಿದೆ. ರಸ್ತೆ ಆ ಕೈಯನ್ನು ಬಳಸಿಕೊಂಡು ಒಳಗೆ ಹೋಗಿ ಮತ್ತೆ ಹೊರಗೆ ಬರುತ್ತದೆ. ಎದುರು ದಡದಲ್ಲಿ ನಡೆಯುವವರ ಸ್ವೆಟರಿನ ಬಣ್ಣ ಗೊತ್ತಾಗುತ್ತದೆ, ಅವರ ಮಾತು ನೀರಿನ ಮೇಲೆ ತೇಲಿ ಬಂದು ಕೇಳಿಸುತ್ತದೆ. ಅಷ್ಟು ಹತ್ತಿರ. ಆದರೆ ಅವರಿರುವಲ್ಲಿಗೆ ಮುಟ್ಟಲು ಇನ್ನೂ ಹತ್ತು ನಿಮಿಷ ನಡೆಯಬೇಕು. ಈ ಕಾರಣಕ್ಕೇ ಇಲ್ಲಿ ಬೇಜಾರಾಗಲ್ಲ. ಪ್ರತಿ ತಿರುವಿಗೂ ಹಿಂದಿನ ನೋಟ ಮರೆಯಾಗಿ ಹೊಸದು ತೆರೆದುಕೊಳ್ಳುತ್ತದೆ. ತೊಂದರೆಯೂ ಇದರಿಂದಲೇ. ಅರ್ಧ ದಾರಿಯಲ್ಲಿ ಯಾರಿಗಾದರೂ ಕಾಲು ಸೋತರೆ ಅಡ್ಡದಾರಿ ಅನ್ನುವುದು ಇಲ್ಲ. ಮುಂದೆ ಹೋದರೂ ಅಷ್ಟೇ ದೂರ, ಹಿಂದೆ ಹೋದರೂ ಅಷ್ಟೇ ದೂರ. ಹಿರಿಯರು ಜೊತೆಗಿದ್ದರೆ ಪೂರ್ತಿ ಸುತ್ತಿನ ಹಟ ಬೇಡ. ಬೋಟ್ ಕ್ಲಬ್ ಕಡೆಯಿಂದ ಹೊರಟು ಇಪ್ಪತ್ತು ನಿಮಿಷ ನಡೆದು, ಕೂತು, ಅದೇ ದಾರಿಯಲ್ಲಿ ವಾಪಸ್ ಬನ್ನಿ. ಉಳಿದವರು ಸುತ್ತು ಮುಗಿಸಿ ಬರಲಿ.

ಹೊತ್ತು ಎಲ್ಲಕ್ಕಿಂತ ಮುಖ್ಯ. ಬೆಳಿಗ್ಗೆ ಆರರಿಂದ ಎಂಟರವರೆಗಿನ ಕೊಡೈ ಕೆರೆಯೇ ಬೇರೆ, ಹನ್ನೊಂದರ ಕೊಡೈ ಕೆರೆಯೇ ಬೇರೆ. ಬೆಳಿಗ್ಗೆ ನೀರಿನ ಮೇಲಿಂದ ಮಂಜು ಎಳೆ ಎಳೆಯಾಗಿ ಏಳುತ್ತಿರುತ್ತದೆ. ಕಟ್ಟಿಹಾಕಿದ ದೋಣಿಗಳ ತಲೆ ಮಾತ್ರ ಕಾಣುತ್ತದೆ. ದಾರಿಯಲ್ಲಿ ಊರಿನವರೇ ಜಾಸ್ತಿ, ಕಿವಿಗೆ ಮಫ್ಲರ್ ಸುತ್ತಿ ವಾಕಿಂಗ್ ಹೊರಟವರು. ಬಿಸಿಲು ಏರಿದ ಮೇಲೆ ಅದೇ ರಸ್ತೆಯಲ್ಲಿ ಕಾರು, ಸೈಕಲ್, ಕುದುರೆ, ಜೋಳದ ತೆನೆ ಸುಡುವ ಗಾಡಿ, ಹಾರನ್ ಎಲ್ಲ ಸೇರುತ್ತವೆ. ಇದು ನಡೆಯುವವರಿಗೆ ಮಾತ್ರ ಮೀಸಲಾದ ದಾರಿಯಲ್ಲ, ವಾಹನ ಓಡಾಡುವ ರಸ್ತೆ ಅನ್ನುವುದನ್ನು ಮರೆಯಬೇಡಿ. ಮಕ್ಕಳು ಓಡುವವರಾದರೆ ಹಗಲು ಹೊತ್ತು ಕೈ ಬಿಡುವ ಹಾಗಿಲ್ಲ. ಈ ವಿಷಯದಲ್ಲಿ ಪೂಕೋಡ್ ಎಷ್ಟೋ ನಿರಾಳ.

ನಡೆಯಲು ಆಗಲ್ಲ ಅನ್ನುವವರಿಗೆ ಇಲ್ಲಿ ಬಾಡಿಗೆ ಸೈಕಲ್ ಸಿಗುತ್ತದೆ. ಇಬ್ಬರು ತುಳಿಯುವ ಸೈಕಲ್ ಕೂಡ ಇದೆ. ಹರೆಯದ ಮಕ್ಕಳಿರುವ ಮನೆಯವರಿಗೆ ಇದು ಚೆನ್ನಾಗಿ ಹೊಂದುತ್ತದೆ. ಕುದುರೆ ಬೇಡ ಅನ್ನುವುದು ನನ್ನ ಮಾತು. ದಿನವಿಡೀ ಟಾರು ರಸ್ತೆಯ ಮೇಲೆ ನಡೆದ ಪ್ರಾಣಿಯ ಬೆನ್ನೇರಿ ಕೆರೆ ನೋಡುವುದರಲ್ಲಿ ನನಗೆ ಖುಷಿ ಸಿಗಲ್ಲ.

ಸುತ್ತು ಮುಗಿದ ಮೇಲೆ ಪಕ್ಕದಲ್ಲೇ ಬ್ರಯಂಟ್ ಪಾರ್ಕ್ ಇದೆ. ಅಲ್ಲಿಂದ ಸ್ವಲ್ಪ ದೂರದಲ್ಲಿ ಕೋಕರ್ಸ್ ವಾಕ್, ಬೆಟ್ಟದ ಅಂಚಿನಲ್ಲಿ ಸುಮಾರು 1 ಕಿಲೋಮೀಟರ್ ಉದ್ದದ ಕಾಲುದಾರಿ. ಕೆರೆ ಸುತ್ತಿದ ದಿನವೇ ಇದನ್ನೂ ಸೇರಿಸಿಕೊಳ್ಳಬಹುದು, ಆದರೆ ಮಂಜು ಮುಚ್ಚಿದರೆ ಏನೂ ಕಾಣಲ್ಲ. ಬೆಳಿಗ್ಗೆಯೇ ಮುಗಿಸಿ. ಕೆರೆಯ ಹೆಚ್ಚುವರಿ ನೀರು ಎಲ್ಲಿಗೆ ಹೋಗುತ್ತದೆ ಅಂತ ನೋಡಬೇಕಾದರೆ ಘಾಟಿ ಇಳಿಯುವಾಗ ಊರಿನಿಂದ 8 ಕಿಲೋಮೀಟರಿನಲ್ಲಿ ಸಿಗುವ ಸಿಲ್ವರ್ ಕ್ಯಾಸ್ಕೇಡ್ ಜಲಪಾತದ ಹತ್ತಿರ ನಿಲ್ಲಿ. ಅದು ಇದೇ ಕೆರೆಯ ನೀರು.

ಬೆರಿಜಂ ಕೆರೆಯ ಬಗ್ಗೆಯೂ ಕೇಳುತ್ತಾರೆ. ಕೊಡೈನಿಂದ ಸುಮಾರು 20 ಕಿಲೋಮೀಟರ್ ಆಚೆ, ಕಾಡಿನೊಳಗೆ. ನೋಡಲು ಕೊಡೈ ಕೆರೆಗಿಂತ ಎಷ್ಟೋ ಮೇಲು. ಆದರೆ ಅರಣ್ಯ ಇಲಾಖೆಯ ಅನುಮತಿ ಬೇಕು, ದಿನಕ್ಕೆ ಇಷ್ಟೇ ವಾಹನ ಅಂತ ಮಿತಿ ಇದೆ, ಆನೆಗಳು ಓಡಾಡುತ್ತಿದ್ದರೆ ಯಾರನ್ನೂ ಬಿಡಲ್ಲ. ಬಿಟ್ಟರೂ ನಿಮ್ಮ ಪಾಡಿಗೆ ನೀವು ಸುತ್ತು ಹಾಕುವ ಹಾಗಿಲ್ಲ. ಗುರುತು ಮಾಡಿದ ಕಡೆ ಇಳಿದು ನೋಡಿ ಬರಬೇಕು. ಸಿಕ್ಕರೆ ಬಿಡಬೇಡಿ, ಅದನ್ನೇ ನಂಬಿಕೊಂಡೂ ಹೋಗಬೇಡಿ.

ಊಟಿ: ಕೆರೆ ಇದೆ, ಸುತ್ತು ಇಲ್ಲ

ಮನುಷ್ಯರು ಮಾಡಿಸಿದ ಎರಡು ಕೆರೆಗಳಲ್ಲಿ ಊಟಿಯದೇ ಹಳೆಯದು. ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲ್ಲಿವನ್ 1820ರ ದಶಕದಲ್ಲಿ ಮಾಡಿಸಿದ್ದು. ಆಗ ಅದು ಈಗಿಗಿಂತ ತುಂಬಾ ದೊಡ್ಡದಾಗಿತ್ತು. ಇವತ್ತಿನ ಬಸ್ ನಿಲ್ದಾಣದ ಜಾಗ, ರೇಸ್‌ಕೋರ್ಸ್ ಇದ್ದ ಜಾಗವೆಲ್ಲ ಒಂದು ಕಾಲಕ್ಕೆ ಕೆರೆಯೇ. ಊರು ಬೆಳೆದಂತೆ ಕೆರೆ ಕುಗ್ಗಿತು. ಈಗ ಉಳಿದಿರುವುದು ಸುಮಾರು 65 ಎಕರೆ. ಊರಿನ ಕೊಳಚೆ ನೀರು ಕೆರೆ ಸೇರುತ್ತದೆ ಅನ್ನುವ ದೂರು ಬಹಳ ಹಳೆಯದು.

ಜನ ಹೋಗುವುದು ಬೋಟ್ ಹೌಸಿಗೆ. ಟಿಕೆಟ್ ತೆಗೆದುಕೊಂಡು ಒಳಗೆ ಹೋದರೆ ಬೋಟು, ಮಕ್ಕಳ ಆಟಗಳು, ಅಂಗಡಿಗಳು. ದಡದ ಒಂದು ತುಂಡು ಮಾತ್ರ ಕಾಲಿಗೆ ಸಿಗುತ್ತದೆ. ಕೆರೆಯನ್ನು ಬಳಸುವ ರಸ್ತೆಗಳೇನೋ ಇವೆ. ನೀಲಗಿರಿ ಮರಗಳ ನಡುವೆ ಒಂದು ಬದಿಯ ನಡಿಗೆ ಚೆನ್ನಾಗಿಯೇ ಇದೆ. ಒಂದು ದಡದ ಪಕ್ಕದಲ್ಲಿ ರೈಲು ಹಳಿ ಹಾದುಹೋಗುತ್ತದೆ. ನಿಮ್ಮ ಅದೃಷ್ಟ ಇದ್ದರೆ ಬೆಟ್ಟದ ರೈಲು ಸಾಗುವುದೂ ಕಾಣಬಹುದು. ಆದರೆ ಹೊರಟಲ್ಲಿಂದ ವಾಪಸ್ ಬರುವವರೆಗೂ ನೀರು ಪಕ್ಕದಲ್ಲಿ ಇರಬೇಕು ಅನ್ನುವ ನನ್ನ ಪರೀಕ್ಷೆಯಲ್ಲಿ ಊಟಿ ಪಾಸಾಗಲ್ಲ. ಬಸ್ಸು, ಟ್ಯಾಕ್ಸಿಗಳ ನಡುವೆ ಜಾಗ ಮಾಡಿಕೊಂಡು ನಡೆಯುವುದಕ್ಕೆ ಅಷ್ಟು ದೂರ ಹೋಗಬೇಕಾ?

ಊಟಿಗೆ ಹೇಗೂ ಹೋಗುತ್ತೀರಿ, ಹಿರಿಯರನ್ನು ಹಸಿರಿನ ನಡುವೆ ನಿಧಾನವಾಗಿ ನಡೆಸಬೇಕು ಅಂತಿದ್ದರೆ ಫರ್ನ್‌ಹಿಲ್‌ನಲ್ಲಿ ನಮ್ಮ ತೋಟಗಾರಿಕೆ ಇಲಾಖೆಯ ಉದ್ಯಾನ ಇದೆ. ಸುಮಾರು 38 ಎಕರೆ. ಕೆರೆ ಇಲ್ಲ, ಆದರೆ ನಡೆಯಲು ಹಿತ. ಕೆರೆಯ ನೋಟವೇ ಬೇಕು ಅನ್ನುವವರು ಅವಲಾಂಚ್, ಎಮರಾಲ್ಡ್ ಕಡೆ ವಾಹನದಲ್ಲಿ ಹೋಗಿ ಬರಬಹುದು. ಸುತ್ತು ಹಾಕಲು ಅಲ್ಲ, ನೋಡಲು.

ದಾರಿ, ಘಾಟಿ, ಹೊಟ್ಟೆ ತೊಳಸುವುದು

ದೂರ ನೋಡಿದರೆ ಬೆಂಗಳೂರಿನಿಂದ ಪೂಕೋಡ್ ಸುಮಾರು 300 ಕಿಲೋಮೀಟರ್, ಕೊಡೈಕೆನಾಲ್ 460ರ ಆಸುಪಾಸು. ಮೈಸೂರಿನವರಿಗೆ ಪೂಕೋಡ್ 150 ಕಿಲೋಮೀಟರ್ ಅಷ್ಟೇ. ಬೆಳಿಗ್ಗೆ ಹೊರಟು ರಾತ್ರಿ ಮನೆ ಸೇರಬಹುದು. ಕೊಡೈಗೆ ಎರಡು ರಾತ್ರಿ ಇಲ್ಲದಿದ್ದರೆ ಹೋಗುವುದು ಸುಮ್ನೆ ಆಯಾಸ. ಹೋಗುವ ದಿನ ಪೂರ್ತಿ ಗಾಡಿಯಲ್ಲೇ ಕಳೆಯುತ್ತದೆ. ಮಾರನೆಯ ದಿನ ಬೆಳಿಗ್ಗೆ ಕೆರೆ ಸುತ್ತಬೇಕು, ಆ ಬೆಳಗಿಗಾಗಿಯೇ ಅಲ್ಲವೇ ಹೋಗುವುದು.

ಕಿಲೋಮೀಟರಿಗಿಂತ ಜಾಸ್ತಿ ಯೋಚಿಸಬೇಕಾದದ್ದು ಘಾಟಿಯ ಬಗ್ಗೆ. ಕೊಡೈಗೆ ಸೇಲಂ, ಕರೂರು, ದಿಂಡಿಗಲ್ ದಾಟಿ ಬತ್ತಲಗುಂಡು ಮೂಲಕ ಏರಬೇಕು. ಕೊನೆಯ ಏರು ಉದ್ದ, ಎರಡು ಗಂಟೆಯ ಹತ್ತಿರ ಬರೀ ತಿರುವು. ಕಾರಿನಲ್ಲಿ ವಾಂತಿ ಮಾಡಿಕೊಳ್ಳುವ ಮಕ್ಕಳಿದ್ದರೆ ಇದು ಸಣ್ಣ ವಿಷಯ ಅಲ್ಲ. ಪೂಕೋಡಿಗೆ ನಮ್ಮ ಕಡೆಯಿಂದ ಹೋಗುವವರಿಗೆ ಆ ಕಷ್ಟ ಇಲ್ಲ. ಗುಂಡ್ಲುಪೇಟೆ, ಬಂಡೀಪುರ, ಮುತ್ತಂಗ, ಸುಲ್ತಾನ್ ಬತ್ತೇರಿ, ಕಲ್ಪೆಟ್ಟ, ವೈತಿರಿ ಅಂತ ಬೆಟ್ಟದ ಮೇಲ್ಮಟ್ಟದಲ್ಲೇ ಸಾಗುವ ದಾರಿ. ಕಡಿದಾದ ತಾಮರಶ್ಶೇರಿ ಘಾಟಿ ಶುರುವಾಗುವುದು ಲಕ್ಕಿಡಿಯ ಆಚೆ. ಅದಕ್ಕಿಂತ ಮುಂಚೆಯೇ ನಿಮ್ಮ ಕೆರೆ ಬಂದಿರುತ್ತದೆ.

ತಮಿಳುನಾಡಿನ ಎರಡೂ ಊರಿಗೆ ಇ-ಪಾಸ್ ಬೇಕು. ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ಇದು ಜಾರಿಗೆ ಬಂತು. 2025ರ ಏಪ್ರಿಲಿನಲ್ಲಿ ವಾಹನಗಳಿಗೆ ಮಿತಿಯನ್ನೂ ಹಾಕಿದರು. ಕೊಡೈಗೆ ವಾರದ ದಿನ 4,000, ವಾರಾಂತ್ಯಕ್ಕೆ 6,000. ನೀಲಗಿರಿಗೆ 6,000 ಮತ್ತು 8,000. ಈ ಲೆಕ್ಕ ಸೀಸನ್ನಿಗೆ ತಕ್ಕಂತೆ ಬದಲಾಗಬಹುದು, ಆದ್ದರಿಂದ ಹೊರಡುವ ವಾರ ಸರ್ಕಾರದ ವೆಬ್‌ಸೈಟ್ ನೋಡಿಯೇ ಹೋಟೆಲ್ ಬುಕ್ ಮಾಡಿ. ಮೊದಲು ಪಾಸ್, ಆಮೇಲೆ ರೂಮು. ಎರಡೂ ಕಡೆ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್‌ಗೆ ನಿಷೇಧ ಇದೆ. ಅಂಗಡಿಯ ನೀರಿನ ಬಾಟಲಿ ಚೆಕ್‌ಪೋಸ್ಟಿನಲ್ಲಿ ಕಿತ್ತುಕೊಳ್ಳುತ್ತಾರೆ ಅಂತ ಗೊಣಗುವ ಬದಲು ಮನೆಯಿಂದಲೇ ಸ್ಟೀಲ್ ಬಾಟಲಿ ತನ್ನಿ. ಆ ಬೆಟ್ಟಗಳ ಕಸದ ರಾಶಿ ನೋಡಿದವರಿಗೆ ಈ ನಿಯಮ ಅತಿಯಾಯಿತು ಅಂತ ಅನಿಸಲ್ಲ.

ಮಳೆ ಎರಡು ಕಡೆ ಎರಡು ಥರ

ಇಲ್ಲಿ ತುಂಬಾ ಜನ ಎಡವುತ್ತಾರೆ. ನಮ್ಮ ಮಳೆಗಾಲದ ಲೆಕ್ಕದಲ್ಲೇ ಎಲ್ಲ ಊರನ್ನೂ ಅಳೆಯುತ್ತಾರೆ. ಪೂಕೋಡ್ ಪಕ್ಕದ ಲಕ್ಕಿಡಿ ಕೇರಳದಲ್ಲೇ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲಿ ಒಂದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಸುರಿಯುವ ಮಳೆಗೆ ಕೊಡೆ ಲೆಕ್ಕಕ್ಕಿಲ್ಲ. ದಾರಿ ಪಾಚಿಗಟ್ಟಿ ಜಾರುತ್ತದೆ, ಜಿಗಣೆಗಳೂ ಇರುತ್ತವೆ. 2024ರ ಜುಲೈ 30ರಂದು ಇದೇ ವೈತಿರಿ ತಾಲ್ಲೂಕಿನ ಮುಂಡಕ್ಕೈ, ಚೂರಲ್‌ಮಲದಲ್ಲಿ ಗುಡ್ಡ ಕುಸಿದು ನೂರಾರು ಜನ ತೀರಿಕೊಂಡರು. ಜೋರು ಮಳೆಯ ಎಚ್ಚರಿಕೆ ಇರುವ ದಿನ ಪ್ರವಾಸ ಮುಂದಕ್ಕೆ ಹಾಕಿ. ಹೋಟೆಲ್ ದುಡ್ಡು ಹೋದರೆ ಹೋಗಲಿ.

ಕೊಡೈನಲ್ಲಿ ಜೋರು ಮಳೆ ಹಿಂಗಾರಿನದ್ದು, ಅಕ್ಟೋಬರ್‌ನಿಂದ ಡಿಸೆಂಬರ್ ಮೊದಲ ಭಾಗದವರೆಗೆ. ದಸರಾ ರಜೆಗೆ ಅಂತ ಹೊರಟು ಮಳೆಯಲ್ಲಿ ರೂಮಿನಲ್ಲೇ ಕೂತು ಬಂದವರನ್ನು ನಾನು ಬಲ್ಲೆ. ಅದೇ ದಸರಾ ಹೊತ್ತಿಗೆ ಪೂಕೋಡ್ ತೊಳೆದಿಟ್ಟಂತೆ ಹಸಿರಾಗಿರುತ್ತದೆ, ಮಧ್ಯಾಹ್ನದ ಮೇಲೊಂದು ಮಳೆ ಬಂದರೂ ಬರಬಹುದು. ಜನವರಿಯಿಂದ ಮಾರ್ಚ್‌ವರೆಗೆ ಎರಡೂ ಚೆನ್ನ. ಕೊಡೈನಲ್ಲಿ ಜನವರಿ ಬೆಳಗಿನ ಚಳಿ ಗಟ್ಟಿ. ಆಸ್ತಮಾ ಇರುವವರು ಬಿಸಿಲು ಬಂದ ಮೇಲೆ ಹೊರಡಿ. ಏಪ್ರಿಲ್, ಮೇ ತಿಂಗಳಲ್ಲಿ ಎಲ್ಲಾ ಕಡೆ ಜನ. ಆ ಎರಡು ತಿಂಗಳಲ್ಲಿ ಆಯ್ಕೆ ಇದ್ದರೆ ನಾನು ಕೊಡೈ ಅನ್ನುತ್ತೇನೆ, ನಸುಕಿನ ಕೆರೆ ಆಗಲೂ ಖಾಲಿ ಇರುತ್ತದೆ ಅನ್ನುವ ಒಂದೇ ಕಾರಣಕ್ಕೆ.

ಕಾಲು, ಉಸಿರು, ತಿಂಡಿ

ಎರಡು ಕಡೆಯೂ ಟ್ರೆಕ್ಕಿಂಗ್ ಶೂ ಬೇಕಿಲ್ಲ. ಹಿಡಿತ ಇರುವ ಸಾಧಾರಣ ಶೂ ಅಥವಾ ಹಿಂದೆ ಪಟ್ಟಿ ಇರುವ ಚಪ್ಪಲಿ ಸಾಕು. ಸೀರೆ ಉಟ್ಟವರಿಗೆ ಎರಡೂ ಸಲೀಸು. ಮಗುವಿನ ತಳ್ಳುಗಾಡಿ ಕೊಡೈನ ರಸ್ತೆಯಲ್ಲಿ ಬೆಳಿಗ್ಗೆ ಹೊತ್ತು ಚೆನ್ನಾಗಿ ಓಡುತ್ತದೆ. ಪೂಕೋಡಿನಲ್ಲಿ ಮಗುವನ್ನು ಎತ್ತಿಕೊಳ್ಳುವುದೇ ವಾಸಿ. ಕೊಡೈನ ಎತ್ತರದಲ್ಲಿ ನಡೆಯುವಾಗ ಉಸಿರು ಸ್ವಲ್ಪ ಬೇಗ ಬರುತ್ತದೆ. ಗಾಬರಿ ಪಡುವಂಥದ್ದಲ್ಲ. ಹೋದ ದಿನವೇ ಸುತ್ತಲು ಹೊರಡದೆ ಒಂದು ರಾತ್ರಿ ಮಲಗಿ ಎದ್ದರೆ ಮೈ ಹೊಂದಿಕೊಳ್ಳುತ್ತದೆ. ಬಿಪಿ, ಹೃದಯದ ತೊಂದರೆ ಇರುವವರು ತಮ್ಮ ಡಾಕ್ಟರನ್ನು ಕೇಳಿಯೇ ಹೊರಡಲಿ.

ಪೂಕೋಡಿಗೆ ಹೋಗುವವರು ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡು ಹೋದರೆ ಅನುಕೂಲ, ಆದರೆ ಕೆರೆ ದಡದಲ್ಲಿ ಬಿಚ್ಚಬೇಡಿ. ಮಂಗಗಳು ಎಲ್ಲಿಂದ ಬರುತ್ತವೆ ಅಂತ ಗೊತ್ತೇ ಆಗಲ್ಲ. ಮಗುವಿನ ಕೈಯಲ್ಲಿ ಬಿಸ್ಕತ್ ಪೊಟ್ಟಣದ ಸದ್ದಾದರೆ ಸಾಕು, ಮರದಿಂದ ಒಂದು ಇಳಿದು ಎದುರು ನಿಂತಿರುತ್ತದೆ. ಗಾಡಿಯಲ್ಲಿ ಕೂತೇ ತಿನ್ನಿ. ಕೊಡೈನಲ್ಲಿ ಸುತ್ತು ಮುಗಿಸಿದ ಮೇಲೆ ಬಿಸಿ ಮೆಣಸಿನಕಾಯಿ ಬಜ್ಜಿ, ಸುಟ್ಟ ಜೋಳ ಸಿಗುತ್ತದೆ. ಐದು ಕಿಲೋಮೀಟರ್ ನಡೆದವರಿಗೆ ಆ ಚಳಿಯಲ್ಲಿ ಬಜ್ಜಿ ಬೇಡ ಅನ್ನಲು ನನ್ನಿಂದಾಗಲ್ಲ. ಮನೆಗೆ ತರುವುದಾದರೆ ಅಲ್ಲಿನ ಬೆಟ್ಟದ ಬೆಳ್ಳುಳ್ಳಿ ತನ್ನಿ. ಘಾಟು ಜೋರು, ತುಂಬಾ ದಿನ ಕೆಡಲ್ಲ. 2019ರಲ್ಲಿ ಅದಕ್ಕೆ ಜಿಐ ಗುರುತೂ (ಆ ಜಾಗದ್ದೇ ಬೆಳೆ ಅನ್ನುವ ಸರ್ಕಾರಿ ಮಾನ್ಯತೆ) ಸಿಕ್ಕಿದೆ.

ಉತ್ತರ ಭಾರತದ ಪ್ರವಾಸ ಇಟ್ಟುಕೊಂಡವರು ಕೇಳಿದರೆ ನಾನು ನೈನಿತಾಲ್ ಹೆಸರು ಹೇಳುತ್ತೇನೆ. ಅಲ್ಲಿ ಕೆರೆಯ ಒಂದು ಬದಿ ಮಾಲ್ ರೋಡ್, ಇನ್ನೊಂದು ಬದಿ ವಾಹನ ಬಿಡದ ಠಂಡಿ ಸಡಕ್. ಸುತ್ತಿನ ಒಂದು ಅರ್ಧ ಗದ್ದಲ, ಇನ್ನೊಂದು ಅರ್ಧ ಮರದ ನೆರಳು. ಮಳೆಗಾಲದಲ್ಲಿ ಗುಡ್ಡ ಕುಸಿಯುವ ಭಯ ಅಲ್ಲೂ ಇದೆ. ಹತ್ತಿರದಲ್ಲೇ ಬೇಕು, ರಾಜ್ಯದ ಹೊರಗೆ ಹೋಗಲು ಪುರುಸೊತ್ತಿಲ್ಲ ಅನ್ನುವವರಿಗೆ ಚಿಕ್ಕಮಗಳೂರಿನ ಹಿರೇಕೊಳಲೆ, ಸಖರಾಯಪಟ್ಟಣದ ಅಯ್ಯನಕೆರೆ ಇವೆ. ಎರಡರಲ್ಲೂ ಏರಿಯ ಮೇಲೆ ಹೋಗಿ ಅದೇ ದಾರಿಯಲ್ಲಿ ವಾಪಸ್ ಬರಬೇಕು. ಸಂಜೆ ಹೊತ್ತು ಬೆಟ್ಟದ ಸಾಲು ನೋಡಲು ಅಯ್ಯನಕೆರೆಯ ಏರಿಗೆ ಸಾಟಿ ಇಲ್ಲ. ಎರಡೂ ಕಡೆ ನೀರಿಗೆ ಇಳಿಯಬೇಡಿ.

ಪೂಕೋಡಿಗೆ ಒಂದೇ ದಿನದಲ್ಲಿ ಹೋಗಿ ಬರುವವರು ವಾಪಸ್ ಹೊರಡುವ ಹೊತ್ತನ್ನು ಮೊದಲೇ ಗಟ್ಟಿ ಮಾಡಿಕೊಳ್ಳಿ. ಬಂಡೀಪುರದ ಕಾಡಿನ ರಸ್ತೆಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಬಿಡಲ್ಲ. 2009ರಿಂದ ಇರುವ ನಿಯಮ. ಸಂಜೆ ನಾಲ್ಕರೊಳಗೆ ಕೆರೆ ಬಿಟ್ಟರೆ ಕಲ್ಪೆಟ್ಟದಲ್ಲಿ ಚಹಾ ಕುಡಿದು, ಬತ್ತೇರಿಯ ಟ್ರಾಫಿಕ್ ದಾಟಿಯೂ ಆರಾಮವಾಗಿ ಕಾಡಿನಾಚೆ ಬರಬಹುದು. ಆರು ಗಂಟೆಗೆ ಹೊರಟರೆ ಗಡಿಯಾರ ನೋಡಿಕೊಂಡೇ ಓಡಿಸಬೇಕಾಗುತ್ತದೆ. ಜಿಂಕೆ, ಆನೆ ರಸ್ತೆ ದಾಟುವ ಹೊತ್ತೂ ಅದೇ, ವೇಗ ಮಾಡುವ ಜಾಗ ಅಲ್ಲ. ತಡವಾಗಿಯೇಬಿಟ್ಟರೆ ಮಾನಂದವಾಡಿ, ಕುಟ್ಟ, ಗೋಣಿಕೊಪ್ಪ, ಹುಣಸೂರು ಮೂಲಕ ಬಳಸಿಕೊಂಡು ಬನ್ನಿ. ಅಥವಾ ಬತ್ತೇರಿಯಲ್ಲೇ ರೂಮು ಮಾಡಿ, ಬೆಳಿಗ್ಗೆ ಗೇಟು ತೆಗೆದ ಮೇಲೆ ಹೊರಡಿ.